ವರ್ಷಕ್ಕ ಎರಡ ಸೆಲ್ ತಿನ್ನೂ ಬೋರ್ಡು

ಹೊಸಾದೇನರ ಸಾಮಾನು ನಮ್ಮ ಮನಿಯೊಳಗ ಬಂತಂದ್ರ, ಹಿಂದಿನ ಬಾಗಲದಿಂದ ನನ್ನ ಮರ್ಯಾದಿ ಹೊರಗ ಹೋತಂತನ ಅರ್ಥ. ಮೊದಲ ಬ್ಯಾಸರ ಆಗತಿತ್ತು, ಈಗ ರೂಢಿ ಆಗೇತಿ.

ನಾನು ನವಲಗುಂದ ತಾಲೂಕಿನ ನಮ್ಮೂರ ಹೈಸ್ಕೂಲಿನ್ಯಾಗ ವಿಜ್ಞಾನ ಕಲಸಾಂವ. ಐವತ್ತರ ಮ್ಯಾಲ ನನಗೊಂದ ಹುಚ್ಚ ಹತ್ತೇತಿ. ಬಿಸ್ಕೀಟಿನಷ್ಟ ಹಸರ ಬೋರ್ಡು, ಅದರ ಮ್ಯಾಲೊಂದ ಪುಟ್ಟ ಕಂಪ್ಯೂಟರು. ನಾವು ಬರದ ಪ್ರೋಗ್ರಾಮ್ ಹಾಕಿದ್ರ ದೀಪ ಹಚ್ಚತೈತಿ, ಗಂಟಿ ಬಾರಸತೈತಿ. ಕೆಲಸ ಇಲ್ಲದಾಗ ಮಲಗತೈತಿ, ನಡನಡುವ ಎದ್ದು ನೋಡಿ ಮತ್ತ ಮಲಗತೈತಿ. ಹಿಂಗಾಗಿ ಎರಡ ಸೆಲ್ಲಿನ ಮ್ಯಾಲ ಒಂದ ವರ್ಷ ನಡೀತೈತಿ ಅಂತ ಅದರ ಪುಸ್ತಕದಾಗ ಬರದಿತ್ತು. ಪುಸ್ತಕ ಬರದಾವ್ರು ನಮ್ಮನಿಗೆ ಬಂದಿಲ್ಲ.

ಪೂಜಾ

ಮೊದಲನೇ ಬೋರ್ಡು ಬಂದ ದಿನ ಅದನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ದೀಪ ಮಿಣಿಮಿಣಿ ಅನ್ನೂದನ್ನ ಹತ್ತ ನಿಮಿಷ ನೋಡಕೊಂತ ಕುಂತಿದ್ದೆ. ಖುಷಿ ತಡಿಲಾರದ ಹೆಂಡ್ತೀನ ಕರಿಯಾಕ ಅಡಗಿ ಮನಿಗೆ ಹೋದೆ. ಹೊಳ್ಳಿ ಬರೂದ್ರಾಗ ನಮ್ಮವ್ವ ತನ್ನ ಕೆಲಸ ಮುಗಿಸಿದ್ದಳು. ನಮ್ಮಲ್ಲಿ ಟ್ರ್ಯಾಕ್ಟರ್ ಬರಲಿ, ಮಿಕ್ಸರ್ ಬರಲಿ, ಪೂಜಾ ಆಗದ ಕೈ ಹಚ್ಚಂಗಿಲ್ಲ. ಬೋರ್ಡಿಗೆ ಹಸೀ ವಿಭೂತಿಯ ಮೂರ ಗೆರಿ ಬಿದ್ದಿದ್ವು, ಕುಂಕುಮ ಏರಿತ್ತು, ಮ್ಯಾಲ ಕಾಯಿ ಒಡದ ನೀರೂ ಬಿದ್ದಿತ್ತು. ದೀಪ ಆರಿತ್ತು.

"ಯವ್ವಾ, ಇದು ಸತ್ತ ಹೋತಲ್ಲ ಬೇ" ಅಂದೆ. ನನಗ ಅಳೂ ಬರೂದೊಂದ ಬಾಕಿ.

ಅವ್ವ ಕಾಯಿ ಹೋಳು ಎತಗೊಂಡು ಸಮಾಧಾನದಾಗ ಅಂದ್ಲು, "ಹೋಗ್ಲಿ ಬಿಡೋ. ನಿನಗ ಬರೂದು ಅದಕ್ಕ ಬಂದ ಹೋತು."

ಎರಿ ಹೊಲ

ಎರಡನೇ ಬೋರ್ಡು ತಂದು, ಅದಕ್ಕ ಮಣ್ಣಿನ ಹಸಿ ಅಳಿಯೂ ಎರಡ ಕಡ್ಡಿ ಹಚ್ಚಿದೆ. ನಮ್ಮ ಕಾಕಾಂದು ತಿರ್ಲಾಪುರದ ಬಾಜು ಎರಿ ಹೊಲ, ಹತ್ತಿ ಹಾಕತಾನ. ಬ್ಯಾಸಗ್ಯಾಗ ಹೋಗಿ, "ಕಾಕಾ, ಹೊಲದಾಗ ಹಸಿ ಎಷ್ಟೈತಿ ಇದು ಹೇಳತೈತಿ" ಅಂದೆ.

ಕಾಕಾ ಕಾಲಾಗಿನ ಚಪ್ಲಿ ಬಿಟ್ಟು ಹಿಮ್ಮಡಿ ಊರಿ ನೋಡಿದ. "ಹಸಿ ಇಲ್ಲ. ಮುಂದ?"

ಮುಂದ ನಾ ಹಟಕ್ಕ ಬಿದ್ದು ಕಡ್ಡಿ ಚುಚ್ಚಿದೆ. ಎರಿ ಭೂಮಿ ಬ್ಯಾಸಗ್ಯಾಗ ಹೆಂಗ ಬಿರಕ ಬಿಡತೈತಿ ಅನ್ನೂದು ವಿಜ್ಞಾನ ಮಾಸ್ತರಗ ಗೊತ್ತಿರಬೇಕಾಗಿತ್ತು. ನಾ ಕೈ ಬಿಟ್ಟದ್ದ ತಡ, ಕಡ್ಡಿ, ಬೋರ್ಡು, ಸೆಲ್ಲು ಎಲ್ಲಾ ಕೂಡಿ ಬಿರಕಿನ್ಯಾಗ ಇಳದ ಹೋದ್ವು. ಮಕ್ಕೊಂಡು ಇಣಿಕಿದ್ರ ಆಳದಾಗ ಸಣ್ಣ ದೀಪ ಒಂದ ಕಣ್ಣ ಹೊಡಿಯಾಕತ್ತಿತ್ತು. ಕೋಲ ಹಾಕಿದ್ರ ಇನ್ನಷ್ಟ ಕೆಳಗ ಹೋತು.

ಮುಂದ ಮಳಿ ಆಗಿ ಭೂಮಿ ಮುಚಗೊಂತು. ಕಾಕಾ ಸಂತ್ಯಾಗ ಸಿಕ್ಕು, ನಾಲ್ಕ ಮಂದಿ ಮುಂದ ಕೇಳಿದ, "ಲೇ ಮಾಸ್ತರ, ಹೊಲ ನಂದು, ಬೀಜ ನಿಂದು. ಬೆಳದ್ರ ಸಮಪಾಲು ಹೌದಿಲ್ಲೋ?"

ಮಲಗಾಂವಗ ಸೆಲ್ ಯಾಕ

ಮೂರನೇದ್ದನ್ನ ಮನಿ ಬಿಟ್ಟು ಎಲ್ಲೂ ಒಯ್ಯಲಿಲ್ಲ. ಸೆಲ್ ಖರೇನ ವರ್ಷ ಬರತೈತೇನು ನೋಡೂಣು ಅಂತ ಹೊಸಾ ಸೆಲ್ ಹಾಕಿ ಕಪಾಟದ ಮ್ಯಾಲಿಟ್ಟೆ. ಮೂರನೇ ದಿನ ಬಂದ್ ಆತು. ಪ್ರೋಗ್ರಾಮಿನ್ಯಾಗ ತಪ್ಪಾಗೇತಿ ಅಂತ ಒಂದ ವಾರ ಸಾಲಿಯಿಂದ ಬಂದಾಂವ ಚಾ ಸುದ್ದಾ ಕುಡೀದ ತಿದ್ದಿದ್ದ ತಿದ್ದಿದೆ. ಕಡೀಕ ಸೆಲ್ ತಗದ ನೋಡಿದ್ರ, ಅವು ನಾ ಹಾಕಿದ್ದ ಸೆಲ್ ಅಲ್ಲ.

"ಟೀವಿ ರಿಮೋಟಿನ ಹಳೇವು ಅದಕ್ಕ ಹಾಕಿ, ಅದರಾಗಿನ ಹೊಸಾವು ರಿಮೋಟಿಗೆ ಹಾಕೇನ್ರಿ" ಅಂದ್ಲು ನನ್ನ ಹೆಂಡ್ತಿ. "ಇಡೀ ದಿನ ಮಲಗೇ ಇರತೈತಿ ಅಂತ ನೀವ ಹೇಳಿದ್ರಿ. ಮಲಗಾಂವಗ ಹೊಸಾ ಸೆಲ್ ಯಾಕ್ರಿ?"

ಬೀಗರ ಮುಂದ

ನಮ್ಮೂರಾಗ ನಳದ ನೀರು ಎಂಟ ದಿನಕ್ಕೊಮ್ಮೆ, ಅದೂ ಒಂದ ತಾಸು. ಯಾವಾಗ ಬಿಡತಾರ ಯಾರಿಗೂ ಗೊತ್ತಿಲ್ಲ. ತಪ್ಪಿತಂದ್ರ ಕೆರಿಯಿಂದ ಕೊಡಾ ಹೊರಬೇಕು. ಇಷ್ಟ ವರ್ಷದಾಗ ನಮ್ಮನಿಗೆ ಒಮ್ಮೆಯೂ ತಪ್ಪಿಲ್ಲ. ಅದ್ಹೆಂಗ ಅಂತ ನಾ ಎಂದೂ ವಿಚಾರ ಮಾಡಿದಾಂವಲ್ಲ.

ಸೋಮವಾರ ಮಗಳ ಕುಬಸ ಇತ್ತು. ಬಸರಿ ಮಗಳಿಗೆ ತವರಮನ್ಯಾಗ ಮಾಡೂ ಮೊದಲ ಕಾರ್ಯ, ನೂರಾ ಮಂದಿ ಊಟ. ಶನಿವಾರಕ್ಕ ನೀರ ಬಂದು ಎಂಟ ದಿನ ಆಗಿತ್ತು, ಬ್ಯಾರಲ್ ಎಲ್ಲಾ ತಳಾ ಕಂಡಿದ್ವು. ದುಮ್ಮವಾಡದ ಬೀಗರು ಮೊಮ್ಮಕ್ಕಳನ್ನ ಕಟಗೊಂಡು ಅವತ್ತ ಸಂಜೀಕನ ಬರಾವ್ರು. ಬೀಗರ ಮುಂದ ನೀರಿಲ್ಲ ಅನ್ನೂದು ಹೆಂಗ?

ಅವತ್ತ ಮಧ್ಯಾಹ್ನನ ನಾ ಬೋರ್ಡಿನ ಎರಡ ತಂತಿ ನಳದ ಬಾಯಿಗೆ ಕಟ್ಟಿ, ಜೋರ ಗಂಟಿ ಜೋಡಿಸಿ, ಹೊಸಾ ಸೆಲ್ ಹಾಕಿ, ಡಬ್ಬ್ಯಾಗಿಟ್ಟೆ. ನೀರ ತಾಗಿದ್ರ ಗಂಟಿ ಹೊಡಕೋಬೇಕು. ನಳದ ಕೆಳಗ ಯಾರೋ ಒಂದ ಹಳೇ ಸ್ಟೀಲ್ ತಾಟು ಬೋರಲ ಹಾಕಿದ್ರು. ಅಡ್ಡ ಆಕ್ಕೈತಂತ ಬಾಜು ಸರಿಸಿದೆ. "ಇನ್ನ ನೀ ನೀರಿನ ಚಿಂತಿ ಬಿಡು" ಅಂತ ಹೆಂಡ್ತಿಗೆ ಹೇಳಿದೆ. ಆಕಿ ಹೂಂ ಅಂದ್ಲು.

ರವಿವಾರ ಹೂವು ಹಣ್ಣು ತರಾಕ ನವಲಗುಂದಕ್ಕ ಹೋಗಿ ಸಂಜೀಕ ಬಂದ್ರ, ಓಣಿ ತುಂಬ ಹಸಿ. ನೀರ ಬಂದು ಹೋಗಿತ್ತು. ಮನಿಗೆ ಓಡಿದೆ. ಬ್ಯಾರಲ್ ಎಲ್ಲಾ ತುಂಬಿ ತುಳಕತಿದ್ವು. ಅವತ್ತ ನನಗಾದ ಆನಂದ ಹೇಳಾಕ ಬರಂಗಿಲ್ಲ.

ಸೋಮವಾರ ಕುಬಸ ಚಂದ ಆತು. ಉಂಡು ಎಲಿ ಅಡಿಕಿ ಹಾಕೊಂತ ಕುಂತಾಗ ನಾ ಬೀಗರಿಗೆ ಬೋರ್ಡಿನ ಪುರಾಣ ಚಾಲೂ ಮಾಡಿದೆ. ಅದು ಹೆಂಗ ಮಲಗತೈತಿ, ಹೆಂಗ ಏಳತೈತಿ, ನಿನ್ನೆ ನಮ್ಮ ಮಾನ ಹೆಂಗ ಉಳಿಸಿತು, ಎಲ್ಲಾ. ಬೀಗರು ಮೈಯೆಲ್ಲಾ ಕಿವಿ ಮಾಡಿ ಕೇಳಿ, "ತೋರಸ್ರಿ ನೋಡೂಣು, ನಮ್ಮೂರಾಗೂ ಒಂದ ಹಾಕಿದ್ರಾತು" ಅಂತ ಎದ್ರು. ಅವರ ಹಿಂದ ಹತ್ತ ಹದಿನೈದ ಮಂದಿನೂ ಎದ್ರು.

ತಂತಿ ಮ್ಯಾಲ ಒಂದ ತಂಬಗಿ ನೀರ ಸುರುವಿದೆ. ಸಪ್ಪಳಿಲ್ಲ. ಇನ್ನೊಂದ ತಂಬಗಿ. ಇಲ್ಲ. ಡಬ್ಬಿ ತಗದೆ. ಬೋರ್ಡ್ ಐತಿ, ಸೆಲ್ ಇಲ್ಲ.

"ಸೆಲ್ ರಿಮೋಟಿನ್ಯಾಗ ಅದಾವ್ರಿ" ಅಂದ್ಲು ಹೆಂಡ್ತಿ. "ಶನಿವಾರ ಸಂಜೀಕ ಹುಡುಗೂರು ಕಾರ್ಟೂನ್ ಬೇಕಂತ ಅಳಾಕತ್ತಿದ್ವು."

"ಮತ್ತ ನಿನ್ನೆ ನೀರ ಬಂದದ್ದ ನಿನಗ ಹೆಂಗ ಗೊತ್ತಾತು?"

ಆಕಿ ನಳದ ಕೆಳಗ ಕೈ ಮಾಡಿ ತೋರಿಸಿದ್ಲು. ನಾ ಸರಿಸಿದ್ದ ತಾಟು ಹೊಳ್ಳಿ ತನ್ನ ಜಾಗಾದಾಗ ಬೋರಲ ಬಿದ್ದಿತ್ತು. "ನಳ ತಿರುವಿ ಬಿಟ್ಟಿರತೇನ್ರಿ. ನೀರ ಬಿದ್ದ ಕೂಡ್ಲೆ ಡಣ್ ಅಂತೈತಿ. ನಾ ಈ ಮನಿಗೆ ಸೊಸಿ ಆಗಿ ನಡಿಯಾಕ ಬಂದಾಗಿಂದ ಇದ ಐತಿ."

ಬೀಗರು ಬೋರ್ಡ್ ನೋಡಿದ್ರು, ತಾಟು ನೋಡಿದ್ರು. "ಇದಕ್ಕ ಎಷ್ಟ ಸೆಲ್ ಬೇಕ್ರಿ?" ಅಂತ ಕೇಳಿದ್ರು.

"ಇಷ್ಟ ವರ್ಷ ಆತು, ಇನ್ನೂ ಒಂದೂ ಕೇಳಿಲ್ರಿ" ಅಂದ್ಲು ಈಕಿ.

ಹೊಂಡೂ ಮುಂದ ಬೀಗರಿಗೆ ಪದ್ಧತಿ ಪ್ರಕಾರ ಧೋತರ, ಟಾವೆಲ್ ಕೊಟ್ಟು ಆಯೇರಿ ಮಾಡಿದ್ವಿ. ಜೋಡಿ ಒಂದ ಬೋರ್ಡೂ ಕೊಡಬೇಕಂತ ನಾ ಕೈಯಾಗ ಹಿಡಕೊಂಡ ನಿಂತಿದ್ದೆ. ಬೀಗರು ಅದನ್ನ ನೋಡಲೇ ಇಲ್ಲ. ಹೆಂಡ್ತಿ ಕಡೆ ತಿರಗಿ ಅಂದ್ರು, "ಹಳೇ ತಾಟು ಇನ್ನೊಂದ ಇದ್ರ ಕೊಡ್ರಿ."