ಬಾಣ ಒಂದು ಕಡೆ, ಕ್ಲಿಕ್ ಇನ್ನೊಂದು ಕಡೆ

ನಿವೃತ್ತರಿಗೆ ಹೊತ್ತು ಹೋಗುವುದಿಲ್ಲ ಎನ್ನುತ್ತಾರೆ. ಯಾರು ಹೇಳಿದ್ದೋ! ನೌಕರಿಯಲ್ಲಿದ್ದಾಗ ತಿಂಗಳಿಗೊಂದು ಫಜೀತಿಯಾಗುತ್ತಿತ್ತು. ಈಗ ಹೊನ್ನಾವರದ ಮನೆಯಲ್ಲಿ ಸುಮ್ಮನೆ ಕೂತರೂ ವಾರಕ್ಕೆರಡು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಮೊನ್ನೆಯ ಹದಿನೈದು ದಿನಗಳದ್ದನ್ನೇ ಕೇಳಿ.

೧. ಬಚ್ಚಲ ದಾರಿಯ ದೇವರು

ಸರಕಾರಿ ಕಚೇರಿಯೊಂದರಲ್ಲಿ ನಕ್ಷೆಗಾರನಾಗಿದ್ದವ ನಾನು. ಈಗಲೂ ಸ್ನೇಹಿತರಿಗೆ ಮನೆಯ ನಕ್ಷೆ ಬರೆದುಕೊಡುತ್ತೇನೆ; ಚಹಾ ಕೊಟ್ಟರೆ ಸಾಕು, ಕೊಡದಿದ್ದರೆ ಕೇಳಿ ಕುಡಿಯುತ್ತೇನೆ. ಹೊಸ ಲ್ಯಾಪ್‌ಟಾಪ್ ತಂದೆ. ಅಕ್ಷರಗಳು ಸಾಸಿವೆ ಕಾಳಿನಷ್ಟು! ಸೆಟ್ಟಿಂಗ್ಸಿಗೆ ಹೋಗಿ ಎಲ್ಲವನ್ನೂ ಒಂದೂವರೆ ಪಟ್ಟು ದೊಡ್ಡದು ಮಾಡಿಕೊಂಡೆ. ಕಣ್ಣಿಗೇನೋ ಹಿತವಾಯಿತು. ಆದರೆ ನನ್ನ ಹಳೆಯ ನಕ್ಷೆಯ ಸಾಫ್ಟ್‌ವೇರಿನಲ್ಲಿ ಮೌಸಿನ ಬಾಣ ಒಂದು ಕಡೆ, ಕ್ಲಿಕ್ ಬೀಳುವುದು ಎರಡು ಬೆರಳು ಕೆಳಗೆ. ತಿದ್ದಿ ತಿದ್ದಿ ಮುಟ್ಟಳ್ಳಿಯ ಗೆಳೆಯನ ನಕ್ಷೆ ಮುಗಿಸಿದೆ. ಒಂದು ಬಾಗಿಲು ಮಾತ್ರ ನನ್ನ ಕಣ್ಣಿಂದ ತಪ್ಪಿಸಿಕೊಂಡಿತು.

ಮರುದಿನ ಅವನ ಫೋನು: “ಮಾರಾಯ, ದೇವರ ಕೋಣೆಗೆ ಬಚ್ಚಲಿಂದ ಎಂತಕ್ಕೆ ಬಾಗಿಲು ಇಟ್ಟೆ?”

ನಾನು ಬಿಡುವವನೇ? “ಮಿಂದು ಮಡಿಯಲ್ಲೇ ಸೀದಾ ಹೋಗಬಹುದಲ್ಲ!” ಎಂದೆ.

ಅತ್ತ ಏನೋ ಗುಸುಗುಸು. ಆಮೇಲೆ, “ಆತು, ಅದು ಹಾಗೇ ಇರಲಿ. ಇವಳಿಗೆ ಭಾರೀ ಖುಷಿಯಾಗಿದೆ.”

೨. ಕಣ್ಣಿನ ಡಾಕ್ಟರ ಗುಟ್ಟು

ಅವರಿಗೆ ಖುಷಿ, ನನಗೆ ಶಿಕ್ಷೆ. ಎಲ್ಲ ಕೇಳಿಸಿಕೊಂಡ ನನ್ನ ಹೆಂಡತಿ, “ನಿಮ್ಮ ಕಣ್ಣು ಹೋಯ್ತು. ಪರೀಕ್ಷೆಯಾಗುವವರೆಗೆ ಸ್ಕೂಟರ್ ಮುಟ್ಟಬೇಡಿ” ಎಂದು ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಸ್ಕೂಟರಿಲ್ಲದಿದ್ದರೆ ನಾನು ಮೀನುಪೇಟೆಗೂ ಇಲ್ಲ, ಗೆಳೆಯರ ಜಗಲಿಗೂ ಇಲ್ಲ.

ಬಸ್ಸು ಹಿಡಿದು ಕುಮಟೆಗೆ ಹೋದೆ. ಡಾಕ್ಟರು ತೋರಿಸಿದ್ದನ್ನೆಲ್ಲ ಕೊನೆಯ ಸಾಲಿನವರೆಗೂ ಪಟಪಟ ಓದಿದೆ. “ಕಣ್ಣು ಚೆನ್ನಾಗಿದೆ” ಎಂದು ಅವರು ಕಂಪ್ಯೂಟರಿನ ಪಟ್ಟಿಯಲ್ಲಿ ನನ್ನ ಹೆಸರು ಒತ್ತಿದರು. ಕೆಳಗಿನ ಹೆಸರಿನ ಚೀಟಿ ಬಂತು: ‘ಹೆಣ್ಣು, ಏಳು ವರ್ಷ.’

“ಸರ್, ಸ್ವಲ್ಪ ಮೇಲೆ ಒತ್ತಿ ಅಂದಿದ್ನಲ್ಲ” ಎಂದಳು ನರ್ಸು.

ಡಾಕ್ಟರು ನನ್ನ ಕಿವಿಯ ಹತ್ತಿರ ಬಗ್ಗಿದರು: “ಎರಡು ತಿಂಗಳಿಂದ ಹೀಗೇ. ಯಾರಿಗೂ ಹೇಳಬೇಡಿ, ಹುಬ್ಬಳ್ಳಿಗೆ ಹೋಗಿ ನನ್ನ ಕಣ್ಣು ತೋರಿಸಿ ಬರಬೇಕು.”

೩. ಸ್ಕೇಲಿನ ಪಾಠ

ಅಂದರೆ ಕಾಯಿಲೆ ಯಂತ್ರದ್ದು! ಹಾರಿ ಮನೆಗೆ ಬಂದರೆ ಹೆಂಡತಿಯ ವಾದ ಸಿದ್ಧವಾಗಿತ್ತು: “ಕಣ್ಣು ಸರಿ ಇದ್ದರೆ ಕೈ ತಪ್ಪಿದೆ. ಸ್ಕೂಟರ್ ಹಿಡಿಯೋದು ಎಂತದರಲ್ಲಿ, ಕೈಯಲ್ಲೇ ಅಲ್ವಾ?”

ಲ್ಯಾಪ್‌ಟಾಪನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಭಟ್ಕಳದ ಬಸ್ಸು ಹತ್ತಿದೆ. ಅಲ್ಲಿಯ ರಿಪೇರಿಯವನು ನೋಡಿದ ಕೂಡಲೇ ನಕ್ಕ. “ಸಾರ್, ಪರದೆಯನ್ನು ನೀವು ಒಂದೂವರೆ ಪಟ್ಟು ಹಿಗ್ಗಿಸಿದ್ದೀರಿ. ಈ ಹಳೇ ಸಾಫ್ಟ್‌ವೇರಿಗೆ ಅದು ಗೊತ್ತಿಲ್ಲ. ಪಾಪ, ಹಳೇ ಅಳತೆಯಲ್ಲೇ ಲೆಕ್ಕ ಹಾಕ್ತಿದೆ.” ಸಾಫ್ಟ್‌ವೇರಿನ ಐಕಾನಿನ ಮೇಲೆ ಬಲ ಕ್ಲಿಕ್ ಮಾಡಿದ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅದರೊಳಗೆ ಡಿಪಿಐ ಎಂದು ಒಂದೊಂದೇ ತೆರೆಯುತ್ತ ಹೋಗಿ, ಅಳತೆ ಹಿಗ್ಗಿಸುವ ಕೆಲಸವನ್ನು ‘ಸಿಸ್ಟಮ್’ಗೆ ವಹಿಸಿದ. ಮುಚ್ಚಿ ಮತ್ತೆ ತೆರೆದ. ಬಾಣ ಇಟ್ಟಲ್ಲೇ ಕ್ಲಿಕ್!

“ಸ್ಕೇಲು ತಪ್ಪಿತ್ತು, ಅಷ್ಟೇ. ನೀವು ಎಂತ ಕೆಲಸದಲ್ಲಿದ್ರಿ ಸಾರ್?”

ಮೂವತ್ತೈದು ವರ್ಷ ಪ್ರತಿ ನಕ್ಷೆಯ ಕೆಳಗೂ ಸ್ಕೇಲು ಬರೆದವನು ನಾನು. ಬಾಗಿಲ ಕಡೆ ನೋಡುತ್ತ, “ಟಪಾಲು ವಿಭಾಗ” ಎಂದೆ.

೪. ಪರೀಕ್ಷೆ

ದಾರಿಯಲ್ಲೇ ಡಾಕ್ಟರಿಗೆ ಫೋನು ಮಾಡಿ, ಸ್ಕೇಲಿನ ಗುಟ್ಟು ಹೇಳಿ ಅವರ ಹುಬ್ಬಳ್ಳಿ ಪ್ರಯಾಣ ತಪ್ಪಿಸಿದೆ. ಮನೆಗೆ ಬಂದವನೇ ಮನೆಯೊಂದರ ಹೊರನೋಟದ ಚಿತ್ರ ತೆರೆದು ಹೆಂಡತಿಯನ್ನು ಎದುರು ಕೂರಿಸಿದೆ. “ನೋಡು, ಈ ಬಾಗಿಲನ್ನು ಅಡುಗೆಮನೆಗೆ ಇಡುತ್ತೇನೆ.” ಇಟ್ಟೆ. ಬಾಗಿಲು ಹೆಂಚಿನ ಮಾಡಿನ ಮೇಲೆ ಹೋಗಿ ಕೂತಿತು! ಯಂತ್ರ ಸರಿಯಾಗಿತ್ತು; ಇಷ್ಟು ದಿನ ಎರಡು ಬೆರಳು ಮೇಲೆ ಒತ್ತಿ ಒತ್ತಿ ನನ್ನ ಕೈ ಅದಕ್ಕೇ ಪಳಗಿಬಿಟ್ಟಿತ್ತು.

ಅವಳು ಅಘನಾಶಿನಿಯ ದೋಣಿಯವರ ಮಗಳು. “ಇಳಿತದ ಸೆಳೆತ ಇದ್ದಾಗ ನಮ್ಮಪ್ಪ ದೋಣಿಯ ಮೂತಿ ಸೆಳೆತಕ್ಕೆ ಎದುರಾಗಿ, ಮೇಲ್ಬದಿಗೆ ಮಾಡಿ ಹೊಳೆ ದಾಟಿಸ್ತಿದ್ದ. ನೀರು ನಿಂತ ಮೇಲೂ ಹಾಗೇ ಮಾಡಿದ್ರೆ ಬಂಡೆಗೆ ಹೊಡೀತಿತ್ತು. ಸರೀರಿ ಆಚೆ” ಎಂದು ಮೌಸು ಹಿಡಿದಳು. ಒಂದೇ ಏಟಿಗೆ ಬಾಗಿಲು ಅಡುಗೆಮನೆಯಲ್ಲಿ!

“ಸಾಫ್ಟ್‌ವೇರು ಪಾಸು, ನೀವು ಫೇಲು. ನಡೀರಿ ಮೀನಿಗೆ.”

ಹೊರಗೆ ಬಂದರೆ ಅವಳೇ ಸ್ಕೂಟರ್ ಮೇಲೆ! ನಾನು ಬಸ್ಸಿನಲ್ಲಿ ಊರೂರು ತಿರುಗುತ್ತಿದ್ದಾಗ ಪಕ್ಕದ ಮನೆಯ ಟೀಚರಮ್ಮನಿಂದ ಪಾಠವೂ ಆಗಿತ್ತು, ಕಲಿಯುವವರ ಲೈಸೆನ್ಸೂ ಬಂದಿತ್ತು. ಟೀಚರಮ್ಮ ತನ್ನ ಗಾಡಿಯಲ್ಲಿ ಹಿಂದೆ ಕಾವಲು. ನಾನು ಹಿಂದಿನ ಸೀಟಿನಲ್ಲಿ ಹೆದರಿ ಕೂತೆ. ಬಲ ತಿರುವು ಬಂತು, ಹಳೆಯ ಅಭ್ಯಾಸ, ಸನ್ನೆ ಮಾಡಲು ನನ್ನ ಬಲಗೈ ತಾನಾಗಿಯೇ ಚಾಚಿಕೊಂಡಿತು. ಎದುರಿನಿಂದ ಬರುತ್ತಿದ್ದ ಕುಮಟೆ ಬಸ್ಸು ಗಕ್ಕನೆ ನಿಂತಿತು.

ಕಂಡಕ್ಟರು ತಲೆ ಹೊರಹಾಕಿದ: “ಹತ್ತೂದಾದ್ರೆ ಬೇಗ ಹತ್ತಿ ಮಾರಾಯ್ರೆ!”

ನಾನು ಬಾಯಿ ತೆರೆಯುವ ಮೊದಲೇ ನನ್ನವಳು ಕೂಗಿ ಹೇಳಿದಳು: “ಬೇಡ ಬೇಡ, ಇವರಿಗೆ ಬಸ್ಸಿನಲ್ಲಿ ಕೂತು ಸಾಕಾಗಿದೆ!”