ಲಿಂಗ್ ಅಕ್ಕನ ಸೋಯಾ ಹಂದಿ

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಚರ್ಚು ಮಾಂಸ ಬಿಡಿ ಎನ್ನುವುದು ಬೂದಿ ಬುಧವಾರ ಮತ್ತು ಶುಕ್ರವಾರಗಳಂದು ಮಾತ್ರ. ಆದರೆ ವೆನ್‌ಪಿನ್ ಮದುವೆಯಾಗಬೇಕಿದ್ದದ್ದು ಚರ್ಚನ್ನಲ್ಲ, ಮೋನಿಕಾ ತ್ಸಾಯ್ ಅವರ ಮಗಳು ಯೂನ್‌ರೂಳನ್ನು.

"ಈಸ್ಟರಿಗೆ ದೀಕ್ಷಾಸ್ನಾನ ತಗೊಳ್ಳೋನು ನೀನು," ಎಂದಿದ್ದರು ಮೋನಿಕಾ. "ಅಲ್ಲೀವರೆಗೆ ಒಂದು ದಿನಾನೂ ಮಾಂಸ ಮುಟ್ಟಬೇಡ. ಮುಟ್ಟಿಲ್ಲ ಅಂದ್ರೆ ಮದುವೆ ಗೊತ್ತು ಮಾಡೋಣ. ಮುಟ್ಟಿದೆ ಅಂದ್ರೆ ಬರೋ ವರ್ಷ ನೋಡೋಣ."

ವೆನ್‌ಪಿನ್ ಸ್ಕೂಟರ್ ರಿಪೇರಿಯವನು. ಹಂದಿಮಾಂಸವಿಲ್ಲದ ಊಟವನ್ನು ಊಟವೆಂದೇ ಲೆಕ್ಕಕ್ಕೆ ಹಿಡಿಯದ ಮನೆ ಅವನದು. ಪಾಪ, ಅವನನ್ನು ಕಾಪಾಡಿದವಳು ಬೌದ್ಧರ ಸಸ್ಯಾಹಾರದ ಅಂಗಡಿಯ ಲಿಂಗ್ ಅಕ್ಕ. ಸೋಯಾ, ಅಣಬೆ, ಗೆಡ್ಡೆ ಹಿಟ್ಟು ಸೇರಿಸಿ ಅವಳು ಮಾಡುವ ಹಂದಿಮಾಂಸದಲ್ಲಿ ತೊಗಲಿತ್ತು, ಕೊಬ್ಬಿತ್ತು, ಹಂದಿಯೊಂದೇ ಇರಲಿಲ್ಲ. ದಿನಾ ಮಧ್ಯಾಹ್ನ ಅದನ್ನೇ ತಿನ್ನುತ್ತಾ, ಮದುವೆಯೂಟಕ್ಕೆ ಬರಲಿರುವ ನಿಜವಾದ ಹಂದಿತೊಡೆಯನ್ನು ನೆನೆದು ಅವನು ದಿನ ತಳ್ಳುತ್ತಿದ್ದ. ನಡುನಡುವೆ ಯೂನ್‌ರೂಳನ್ನೂ ನೆನೆಯುತ್ತಿದ್ದ ಅನ್ನಿ.

ಅಂದು ಶುಕ್ರವಾರ. ಲಿಂಗ್ ಅಕ್ಕನ ಪಕ್ಕದ ಅಂಗಡಿಯಲ್ಲಿ ಅಸಲಿ ಹಂದಿ ಕುದಿಯುತ್ತಿತ್ತು. ಆ ವಾಸನೆಗೆ ಮನಸ್ಸು ಜಾರೀತೆಂದು ವೆನ್‌ಪಿನ್ ಮೂಗು ಹಿಡಿದು, ಕಣ್ಣು ಅರೆಮುಚ್ಚಿ, ಹೊರಗೆ ಎರಡೂ ಅಂಗಡಿಗಳಿಗೆ ಸೇರಿದ ಮೇಜಿನ ಮೇಲಿದ್ದ ಡಬ್ಬಿಯನ್ನು ಎತ್ತಿಕೊಂಡು ಓಡಿಬಂದ. ಗ್ಯಾರೇಜಿನ ಮುಂದೆ ಕುಳಿತು ಮೊದಲ ತುಂಡು ಬಾಯಿಗಿಟ್ಟ. ಲಿಂಗ್ ಅಕ್ಕನ ಕೈರುಚಿ ದಿನದಿಂದ ದಿನಕ್ಕೆ ಏರುತ್ತಿದೆ ಎನಿಸಿತು.

ಅಷ್ಟರಲ್ಲಿ ಲಾಟರಿ ಅಂಗಡಿಯ ಅಗಾಥಾ ಪಂಕ್ಚರಾದ ಸ್ಕೂಟರ್ ತಳ್ಳಿಕೊಂಡು ಬಂದಳು. ಊರಿನಲ್ಲಿ ಯಾರ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಒಲೆಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು.

"ಇವತ್ತು ಶುಕ್ರವಾರ ಕಣೋ," ಎಂದಳು.

"ಗೊತ್ತು ಚಿಕ್ಕಮ್ಮ. ಇದು ಸೋಯಾ."

"ಹುಟ್ಟಿದಾಗಿಂದ ಹಂದಿ ತಿಂದೋಳು ನಾನು. ನನಗೇ ಸೋಯಾ ಕತೆ ಹೇಳ್ತೀಯಾ?"

ಡಬ್ಬಿಯನ್ನು ಕಿತ್ತುಕೊಂಡು, ಪಂಕ್ಚರನ್ನೂ ಮರೆತು ಅಗಾಥಾ ಚರ್ಚಿನ ಕಡೆ ನಡೆದಳು. ಕೈಯಲ್ಲಿ ಊಟದ ಕಡ್ಡಿಗಳನ್ನು ಹಿಡಿದೇ ವೆನ್‌ಪಿನ್ ಹಿಂದೆ ಓಡಿದ.

ಚರ್ಚಿನ ಅಂಗಳದಲ್ಲಿ ಮೋನಿಕಾ ಕಸ ಗುಡಿಸುತ್ತಿದ್ದರು. ಫಾದರ್ ಪೆಂಗ್ ಶಿಲುಬೆ ಹಾದಿಯ ಪ್ರಾರ್ಥನೆಗೆ ಸಿದ್ಧತೆ ನೋಡುತ್ತಿದ್ದರು. ಅಗಾಥಾ ಮುಚ್ಚಳ ತೆರೆದು ತೋರಿಸಿದಳು.

"ಕೊಬ್ಬು ಅಲುಗಾಡ್ತಾ ಇದೆಯಲ್ಲೋ," ಎಂದರು ಮೋನಿಕಾ. ಅವರ ಮುಖ ಬಿಗಿಯಿತು.

"ಅದು ಗೆಡ್ಡೆ ಹಿಟ್ಟಮ್ಮಾ. ಫಾದರ್, ನೀವೇ ಒಂದು ತುಂಡು ತಿಂದು ಹೇಳಿ. ಮಾಂಸ ಆಗಿದ್ರೆ ಈ ವರ್ಷ ನನಗೆ ಮದುವೆನೇ ಬೇಡ." ವೆನ್‌ಪಿನ್ ಕಡ್ಡಿಗಳನ್ನು ಫಾದರ್ ಕೈಗಿಟ್ಟ.

ಬೆಳಿಗ್ಗೆಯಿಂದ ಏನೂ ತಿಂದಿರದ ಫಾದರ್ ತುಂಡನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಸೋಯಾನೇ. ನಮ್ಮಮ್ಮ ಬೌದ್ಧರ ಮನೆಯವರು, ನನಗೆ ತಿಳಿಯುತ್ತೆ. ಹಂದಿ ಆಗಿದ್ರೆ ತುಟಿಗೆ ಜಿಡ್ಡು ಅಂಟ್ತಿತ್ತು," ಎನ್ನುತ್ತಾ ಕರವಸ್ತ್ರದಿಂದ ತುಟಿ ಒರೆಸಿಕೊಂಡರು.

ಅಗಾಥಾ ಒಂದು ತಿಂದಳು. ಅನುಮಾನ ಪರಿಹಾರಕ್ಕೆ ಇನ್ನೊಂದು ತಿಂದಳು. "ಕಾಳಿನ ವಾಸನೆ ಬರ್ತಿದೆ, ಹೌದು," ಎಂದು ಒಪ್ಪಿಕೊಂಡಳು. ಮೋನಿಕಾ ಮೂರು ತುಂಡು ಮುಗಿಸಿದರು.

"ಮಾಂಸ ಇಷ್ಟು ಮೆತ್ತಗಿರಲ್ಲ. ತಪ್ಪು ತಿಳ್ಕೊಂಡೆ ಕಣಪ್ಪಾ. ಮೇ ತಿಂಗಳಲ್ಲಿ ಮದುವೆ ಇಟ್ಕೊಳ್ಳೋಣ."

ವೆನ್‌ಪಿನ್‌ನ ಕಣ್ಣು ತುಂಬಿಬಂತು. ಹಸಿವು ಕೂಡ ಮರೆತುಹೋಯಿತು.

ಆಗ ಲಿಂಗ್ ಅಕ್ಕ ಏದುಸಿರು ಬಿಡುತ್ತಾ ಇನ್ನೊಂದು ಡಬ್ಬಿ ಹಿಡಿದು ಬಂದಳು. "ಯಾರದೋ ಡಬ್ಬಿ ಎತ್ಕೊಂಡು ಬಂದಿದೀಯಲ್ಲೋ. ನಿನ್ನದು ಪಕ್ಕದಂಗಡಿ ಗಿರಾಕಿಗೆ ಹೋಗಿತ್ತು. ಮೂಸಿ ನೋಡಿಯೇ, ಇದು ಸೋಯಾ, ನನ್ನ ಹಂದಿ ಎಲ್ಲಿ ಅಂತ ಜಗಳಕ್ಕೆ ನಿಂತಿದಾನೆ."

ಫಾದರ್ ಕರವಸ್ತ್ರದ ಮೇಲಿನ ಜಿಡ್ಡನ್ನು ನೋಡಿ ಅದನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು.

"ತಿಳೀದೆ ತಿಂದದ್ದು ಪಾಪ ಅಲ್ಲ," ಎಂದರು ಕೊನೆಗೆ.

"ನಾನು ಮೊದಲೇ ಹಂದಿ ಅಂದಿದ್ದೆ," ಎಂದು ಶುರುಮಾಡಿದ ಅಗಾಥಾ, ತಾನು ತಿಂದ ಎರಡು ತುಂಡು ನೆನಪಾಗಿ ಸುಮ್ಮನಾದಳು.

"ಹಾಗಾದ್ರೆ ಮದುವೆ..." ಎಂದ ವೆನ್‌ಪಿನ್.

ಮೋನಿಕಾ ಹೊಸ ಡಬ್ಬಿಯಿಂದ ಒಂದು ತುಂಡು ತೆಗೆದು ನಿಧಾನವಾಗಿ ಅಗಿದರು. "ಕೊಟ್ಟ ಮಾತು ಕೊಟ್ಟಿದ್ದೇ. ನೀನೇನು ಬೇಕಂತ ತಿಂದೆಯಾ?" ಎಂದು ಅವನ ಭುಜ ತಟ್ಟಿದರು. ಆಮೇಲೆ ತಿರುಗಿ, "ಲಿಂಗ್, ಮದುವೆ ಊಟ ಪೂರ್ತಿ ನೀನೇ ಮಾಡಿಕೊಡ್ತೀಯಾ?" ಎಂದು ಕೇಳಿದರು.

"ಮದುವೇಲಿ ಸೋಯಾ ಬಡಿಸಿದ್ರೆ ಜನ ಬೈಯಲ್ವಾ?"

"ಯಾರಿಗೆ ಗೊತ್ತಾಗುತ್ತೆ? ಫಾದರಿಗೇ ಗೊತ್ತಾಗಲಿಲ್ಲ. ಹಂದಿತೊಡೇನೂ ಸೋಯಾದಲ್ಲೇ ಮಾಡಿಬಿಡು. ನಮ್ಮ ಅಳಿಯಂಗೂ ಅದೇ ಇಷ್ಟ, ದಿನಾ ತಿಂತಾನೆ."

ಅವರು ಅವನನ್ನು ಅಳಿಯ ಎಂದದ್ದು ಅದೇ ಮೊದಲು. ಅಸಲಿ ಹಂದಿತೊಡೆಯನ್ನು ಮನಸ್ಸಿನಲ್ಲೇ ಬೀಳ್ಕೊಟ್ಟು ವೆನ್‌ಪಿನ್ ತಲೆಯಾಡಿಸಿದ.

ಹಳೆಯ ಡಬ್ಬಿಯಲ್ಲಿ, ಮೂಲಂಗಿ ಉಪ್ಪಿನಕಾಯಿಯ ಅಡಿಯಲ್ಲಿ, ಇನ್ನೂ ಒಂದು ತುಂಡು ಉಳಿದಿತ್ತು. ಅದೇನೆಂದು ಈಗ ಅವನಿಗೆ ಗೊತ್ತಿತ್ತು. ಬಹಳ ಹೊತ್ತು ನೋಡಿ, ಅದನ್ನು ಚರ್ಚಿನ ನಾಯಿಗೆ ಹಾಕಿದ. ನಾಯಿ ಯಾವ ಅನುಮಾನವೂ ಇಲ್ಲದೆ ಒಂದೇ ಬಾಯಿಗೆ ನುಂಗಿತು.