ಭರಣಿ ಒಳಗೆ, ರಿಪೇರಿಯಣ್ಣ ಹೊರಗೆ

ಎಲ್ಲದಕ್ಕೂ ಕಾರಣ ಅರ್ಧ ಇಂಚು.

ಬಸ್ ಡಿಪೋದ ಆ ಗುಮಾಸ್ತನನ್ನು ಬೀದಿಯವರೆಲ್ಲ ರಿಪೇರಿಯಣ್ಣ ಎಂದೇ ಕರೆಯುತ್ತಿದ್ದರು. ಅವನು ಕೈಯಿಟ್ಟ ನಲ್ಲಿ ಒಂದು ವಾರ ಸುರಿದಿತ್ತು. ಬಿಚ್ಚಿ ಜೋಡಿಸಿದ ಫ್ಯಾನು ತಿರುಗುವುದನ್ನೇ ಮರೆತಿತ್ತು. ಅಂಥವನಿಗೆ ಆ ರಜೆಯ ದಿನ ಹೆಂಡತಿ ತಾನಾಗಿಯೇ ಕೆಲಸ ಹೇಳಿದಳು.

"ರೀ, ಅಡುಗೆಮನೆ ಕಪಾಟಿಗೆ ಎಳೆಯೋ ಡ್ರಾಯರ್ ಮಾಡ್ತೀನಿ ಅಂತಿದ್ರಲ್ಲ, ಇವತ್ತೇ ಮಾಡಿ. ಆ ಮೂಲೆಯಿಂದ ಅಕ್ಕನ ಭರಣಿ ತೆಗೆಯೋಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗುತ್ತೆ. ಭರಣೀನ ಬೇರೆ ಕಡೆ ಎತ್ತಿಡ್ಬೇಡಿ, ಅದನ್ನೇ ಇಟ್ಟು ಪರೀಕ್ಷೆ ಮಾಡಿ. ನಾನು ಪೇಟೆ ಕೆಲಸ ಮುಗಿಸ್ಕೊಂಡು, ಸಂಜೆ ಐದಕ್ಕೆ ಅಕ್ಕನ್ನ ಸ್ಟೇಷನ್ನಿಂದ ಕರ್ಕೊಂಡು ಬರ್ತೀನಿ."

ಅಕ್ಕ ಎಂದರೆ ಅವನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು. ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವಳು. ನಲವತ್ತೆಂಟು ದಾಟಿದ್ದರೂ ರಿಪೇರಿಯಣ್ಣ ಅವಳ ಫೋನು ಬಂದರೆ ಎದ್ದು ನಿಂತೇ ಮಾತಾಡುತ್ತಿದ್ದ. ಅವನ ಮದುವೆಗೆ ಅವಳು ಕೊಟ್ಟದ್ದು ಬಿಂದಿಗೆಯಷ್ಟು ದಪ್ಪದ ಪಿಂಗಾಣಿ ಭರಣಿ, ಅದರ ಮೇಲೆ ಬಾಯಿ ತೆರೆದ ಬಾತುಕೋಳಿಯ ಮುಚ್ಚಳ. ಬಂದಾಗಲೆಲ್ಲ ಮೊದಲು ಭರಣಿಯನ್ನು ನೋಡಿ ಆಮೇಲೆ ತಮ್ಮನನ್ನು ನೋಡುವುದು ಅವಳ ರೂಢಿ.

ಕಪಾಟಿನ ಬಾಯಿ ಇಪ್ಪತ್ತು ಇಂಚು. ರಿಪೇರಿಯಣ್ಣ ಮೂರು ಸಲ ಅಳೆದು, ಸರಿಯಾಗಿ ಇಪ್ಪತ್ತು ಇಂಚಿನ ಪೆಟ್ಟಿಗೆ ಮಾಡಿದ. ಅದು ಜಾರಲು ಕಪಾಟಿನ ಎರಡೂ ಬದಿಗೆ ಕಬ್ಬಿಣದ ಚಾನೆಲ್ ಬಿಗಿದ ಮೇಲೆ ಹೊಳೆಯಿತು: ಆ ಚಾನೆಲ್‌ಗಳೂ ಒಂದೊಂದು ಅರ್ಧ ಇಂಚು ನುಂಗುತ್ತವೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಧ್ಯಾಹ್ನದವರೆಗೆ ಪೆಟ್ಟಿಗೆಯ ಬದಿಗಳನ್ನು ಹೆರೆದು ಹೆರೆದು ತೆಳ್ಳಗೆ ಮಾಡಿದರೂ ಕೂದಲೆಳೆಯಷ್ಟು ಹೆಚ್ಚೇ ಉಳಿಯಿತು.

ಸದ್ದು ಕೇಳಿ ಪಕ್ಕದ ಮನೆಯ ನಿವೃತ್ತ ಓವರ್‌ಸಿಯರ್ ಬಂದರು. "ಸೋಪು ಹಚ್ಚಪ್ಪಾ. ಒಳಗೆ ಭಾರ ಇಡು, ತಾನಾಗೇ ಕೂತ್ಕೊಳ್ಳುತ್ತೆ."

ಅಡುಗೆಮನೆಯಲ್ಲಿ ಭರಣಿಗಿಂತ ಭಾರದ್ದು ಇನ್ನೊಂದಿರಲಿಲ್ಲ. ಅದನ್ನಿಟ್ಟು ಇಬ್ಬರೂ ಕಾಲು ಕೊಟ್ಟು ನೂಕಿದರು. ಪೆಟ್ಟಿಗೆ ಕರ್ರೆಂದು ಒಳಗೆ ಹೋಯಿತು. ಎಳೆದರೆ ಬರಲಿಲ್ಲ. ಜೋರಾಗಿ ಎಳೆದಾಗ ಒಳಗೆ 'ಟಣ್' ಎಂದಿತು.

ಮಹಡಿ ಮೇಲಿನ ಟೈಲರಮ್ಮ ಹೊಲಿಗೆ ಮೆಷಿನ್ನಿನ ಎಣ್ಣೆ ಹಿಡಿದು ಓಡಿ ಬಂದಳು. ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ, "ಬಾತುಕೋಳಿ ಮೇಲಿನ ಹಲಗೆಗೆ ಸಿಕ್ಕಿಹಾಕ್ಕೊಂಡಿದೆ. ಇನ್ನೊಂದ್ಸಲ ಎಳೆದ್ರೆ ಕತ್ತು ಹೋಯ್ತು ಅಂತಲೇ ಲೆಕ್ಕ" ಎಂದಳು.

"ಯಾರ ಕತ್ತು?" ಎಂದರು ಓವರ್‌ಸಿಯರ್.

ರಿಪೇರಿಯಣ್ಣ ತನ್ನದನ್ನು ಮುಟ್ಟಿ ನೋಡಿಕೊಂಡ.

ಅಷ್ಟರಲ್ಲಿ ಫೋನು. ಅವನು ಎದ್ದು ನಿಂತ.

"ಪುಟ್ಟಾ, ರೈಲು ಬೇಗ ಬಂತು ಕಣೋ. ಅರ್ಧ ಗಂಟೇಲಿ ಮನೇಲಿರ್ತೀವಿ. ಭರಣಿ ಹೇಗಿದೆ?"

"ಇದೆ ಅಕ್ಕಾ... ಒಳಗೇ ಇದೆ."

ಅವನಿಗೆ ಎಂಟನೇ ವಯಸ್ಸಿನಲ್ಲಿ ಸ್ಲೇಟು ಒಡೆದ ದಿನ ಮಂಚದಡಿ ಅಡಗಿದ್ದು ನೆನಪಾಯಿತು. ಈಗ ಮಂಚದಡಿ ಅವನು ಹಿಡಿಸುವಂತಿರಲಿಲ್ಲ.

"ಬಟ್ಟೆ ಬಿಗಿಯಾದ್ರೆ ಎಳೀಬಾರ್ದಣ್ಣ, ಪಕ್ಕದ ಹೊಲಿಗೆ ಬಿಚ್ಚಬೇಕು" ಎಂದಳು ಟೈಲರಮ್ಮ.

ಪಕ್ಕದ ಕಪಾಟಿನೊಳಗೆ ತೂರಿ, ನಡುವಿನ ಹಲಗೆಗೆ ಗರಗಸ ಹಾಕಿದರು. ಹಲಗೆ ತುಂಡಾಯಿತು. ಅದನ್ನೇ ನಂಬಿ ನಿಂತಿದ್ದ ಪಾತ್ರೆ ಸ್ಟ್ಯಾಂಡು, ಮೂರು ಬಾಗಿಲು, ಡಬ್ಬಿಗಳ ಸಾಲು ಎಲ್ಲ ದಡದಡನೆ ಕೆಳಗೆ ಬಂದವು. ಆದರೆ ಟೈಲರಮ್ಮನ ಮಡಿಲಿಗೆ ಜಾರಿದ ಭರಣಿಗೆ ಒಂದು ಗೀರೂ ಇರಲಿಲ್ಲ. ರಿಪೇರಿಯಣ್ಣನಿಗೆ ಹೋದ ಜೀವ ಬಂದಂತಾಯಿತು. ಭರಣಿಯನ್ನು ಅಪ್ಪಿಕೊಂಡು ನೆಲದ ಮೇಲೆ ಕೂತು ಅತ್ತೇಬಿಟ್ಟ. ನೆರೆಯವರು ಮೆಲ್ಲಗೆ ಜಾಗ ಖಾಲಿ ಮಾಡಿದರು.

ಅಕ್ಕ ಒಳಗೆ ಬಂದವಳೇ ಚೆಲ್ಲಾಪಿಲ್ಲಿಯಾದ ಅಡುಗೆಮನೆಯನ್ನೂ, ಭರಣಿಯನ್ನು ಅಪ್ಪಿ ಕೂತ ತಮ್ಮನನ್ನೂ ನೋಡಿದಳು. ಅವಳ ಕಣ್ಣಲ್ಲಿ ನೀರಾಡಿತು.

"ಮನೆ ಮುರಿದ್ರೂ ಇದನ್ನ ಉಳಿಸಿದ್ಯಲ್ಲೋ! ಇದರ ಜೋಡಿ ನನ್ನ ಹತ್ರ ಇತ್ತು. ಯಾರ ಕೈಗೆ ಕೊಡೋದು ಅಂತ ಯೋಚನೆಯಾಗಿತ್ತು."

ಅವಳ ಚೀಲದಿಂದ ಇನ್ನೊಂದು ಬಾತುಕೋಳಿ ಬಾಯಿ ತೆರೆದುಕೊಂಡು ಹೊರಬಂತು.

ಅಕ್ಕ ಕೈಕಾಲು ತೊಳೆಯಲು ಹೋದ ಮೇಲೆ ಹೆಂಡತಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ನಲ್ಲಿ ಮುರಿದ್ರಿ, ಫ್ಯಾನ್ ಕೆಡಿಸಿದ್ರಿ. ಹದಿನೆಂಟು ವರ್ಷದಲ್ಲಿ ಒಂದೇ ಒಂದು ಸಲ ನಿಮ್ಮ ಕೈಗುಣ ನಂಬಿ ಈ ದರಿದ್ರ ಭರಣೀನ ಒಪ್ಪಿಸಿ ಹೋದೆ! ನಾನು ಒಡೆದ್ರೆ ಬೇಕಂತಲೇ ಒಡೆದ್ಲು ಅಂತಾರೆ. ನೀವು ಒಡೆದಿದ್ರೆ ನಾಲ್ಕು ಬೈದು ಬಿಡ್ತಿದ್ರು!"

ರಿಪೇರಿಯಣ್ಣ ಬಾಯಿ ತೆರೆದ, ಥೇಟ್ ಬಾತುಕೋಳಿಯ ಹಾಗೆ.

ಅವಳು ನೆಲದ ಮೇಲಿದ್ದ ಟೈಲರಮ್ಮನ ಎಣ್ಣೆ ಡಬ್ಬಿಯನ್ನೊಮ್ಮೆ ನೋಡಿ, ಎರಡನೇ ಭರಣಿಯನ್ನೂ ಅವನ ಮಡಿಲಿಗಿಟ್ಟು, ಕೈಗೆ ಸುತ್ತಿಗೆ ಕೊಟ್ಟು ಗಟ್ಟಿಯಾಗಿಯೇ ಹೇಳಿದಳು. "ನಾಳೆ ಎರಡಕ್ಕೂ ಡ್ರಾಯರ್ ಮಾಡಿ. ಈ ಸಲ ನೀವೊಬ್ರೇ ಮಾಡಿ. ಸಹಾಯಕ್ಕೆ ಅಂತ ಯಾರನ್ನೂ ಕರೀಬೇಡಿ."

ಬಚ್ಚಲಿನಿಂದ ಅಕ್ಕನ ದನಿ ಬಂತು. "ಪುಟ್ಟಾ, ಈ ಸಲ ಒಂದು ತಿಂಗಳು ಇರ್ತೀನಿ ಕಣೋ. ನೀನು ಡ್ರಾಯರ್ ಮಾಡೋವಾಗ ನಾನೇ ಪಕ್ಕದಲ್ಲಿ ಕೂತು ಭರಣಿ ನೋಡ್ಕೋತೀನಿ."

ರಿಪೇರಿಯಣ್ಣ ಎರಡು ಭರಣಿಗಳನ್ನೂ ಅಪ್ಪಿಕೊಂಡೇ ಎದ್ದು ನಿಂತ.